ಪದಪಾಠ: ಇಟಾಲಿಯನ್ ಭಾಷೆಯ ‘ಆಫ’, ಕನ್ನಡದ ‘ಸೆಕೆ’

ಉದ್ದೇಶ: ಅರ್ಥದಲ್ಲಿ ಹೊಂದುವ ಎರಡು ಭಾಷೆಗಳ ಪದಗಳು ಪ್ರಯೋಗದಲ್ಲಿ ಬೇರೆಯಾಗಬಹುದೆಂಬುದನ್ನು ವಿದ್ಯಾರ್ಥಿಗಳು ಅರಿಯುವುದು.

ಅರ್ಥ

‘ಆಫ’ ಎಂಬುದು ಇಟಾಲಿಯನ್ ಭಾಷೆಯ ಸ್ತ್ರೀಲಿಂಗ ನಾಮಪದ. ತೇವ ತುಂಬಿದ, ಗಾಳಿಯಾಡದ, ಉಸಿರು ಕಟ್ಟಿಸುವ ಬಿಸಿ ಹವೆಗೆ ಈ ಹೆಸರು. ಬರಿಯ ಬಿಸಿಗೆ ಆ ಭಾಷೆಯಲ್ಲಿ ‘ಕಾಲ್ದೊ’ ಎಂಬ ಬೇರೆ ಪದವಿದೆ. ಹವೆಯಲ್ಲಿ ನೀರಾವಿ ಹೆಚ್ಚಿದಾಗ ಬೆವರು ಬೇಗ ಆರದು. ಬೆವರು ಆರದಿದ್ದರೆ ಮೈ ತಣಿಯದು. ಆದುದರಿಂದ ಉಷ್ಣಮಾಪಕ ಒಂದೇ ಅಂಕಿಯನ್ನು ತೋರಿಸಿದರೂ ಒಣ ಹವೆಗಿಂತ ತೇವದ ಹವೆ ಹೆಚ್ಚು ಬಾಧಿಸುತ್ತದೆ. ಉತ್ತರ ಇಟಲಿಯಲ್ಲಿ ಪೋ ನದಿಯ ಬಯಲು ಇದಕ್ಕೆ ಹೆಸರಾಗಿದೆ. ಆಲ್ಪ್ಸ್ ಮತ್ತು ಅಪೆನ್ನೈನ್ ಪರ್ವತಗಳ ನಡುವಣ ಆ ಬಯಲಿನಲ್ಲಿ ಗಾಳಿ ಮಂದ; ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮಿಲಾನಿನಂಥ ನಗರಗಳ ಜನ ಈ ಪದವನ್ನು ಮತ್ತೆ ಮತ್ತೆ ನುಡಿಯುತ್ತಾರೆ.

ಪ್ರಯೋಗ

‘ಕೆ ಆಫ!’ ಎಂದರೆ ‘ಎಂಥ ಸೆಕೆ!’ ಎಂದು ಅರ್ಥ. ‘ಚೆ ಆಫ’ ಎಂದರೆ ‘ಸೆಕೆ ಇದೆ’. ಇದರಿಂದಲೇ ‘ಆಫೋಸೊ’ ಎಂಬ ವಿಶೇಷಣ ಹುಟ್ಟಿದೆ. ಇಲ್ಲಿಯವರೆಗೆ ‘ಆಫ’ಕ್ಕೆ ‘ಸೆಕೆ’ ಸರಿಯಾಗಿ ಹೊಂದುತ್ತದೆ. ಆದರೆ ಕನ್ನಡದಲ್ಲಿ ‘ನನಗೆ ಸೆಕೆಯಾಗುತ್ತಿದೆ’ ಎಂದೂ ಹೇಳುವುದುಂಟು. ಸೆಕೆ ಹವೆಗೂ ಸಲ್ಲುತ್ತದೆ, ಮೈಗೂ ಸಲ್ಲುತ್ತದೆ. ‘ಆಫ’ ಹವೆಗೆ ಮಾತ್ರ ಸಲ್ಲುವ ಪದ. ತನಗಾಗುವ ಅನುಭವವನ್ನು ಹೇಳುವಾಗ ಇಟಲಿಯವನು ‘ಒ ಕಾಲ್ದೊ’ ಎನ್ನುತ್ತಾನೆಯೇ ಹೊರತು ‘ಒ ಆಫ’ ಎನ್ನುವುದಿಲ್ಲ.

ಶಿಕ್ಷಕರ ಗಮನಕ್ಕೆ

ನಿಘಂಟು ಪದದ ಅರ್ಥವನ್ನು ಕೊಡುತ್ತದೆ. ಅದು ವಾಕ್ಯದಲ್ಲಿ ಕೂರುವ ಎಡೆಯನ್ನು ಎಲ್ಲ ಸಲವೂ ತೋರಿಸುವುದಿಲ್ಲ. ಮನೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿ ಆಡುವ ಗಡಿನಾಡಿನ ಮಗು ಒಂದರ ವಾಕ್ಯರಚನೆಯನ್ನು ಇನ್ನೊಂದಕ್ಕೆ ತರುವುದು ಸಹಜ. ಅದು ದಡ್ಡತನವಲ್ಲ, ಅರ್ಥ ತಿಳಿದ ಮಗುವೇ ಇಂಥ ತಪ್ಪು ಮಾಡುತ್ತದೆ. ಕೆಂಪು ಗೆರೆ ಎಳೆದು ಬಿಡುವುದಕ್ಕಿಂತ, ಆ ವಾಕ್ಯ ಯಾವ ನುಡಿಯಲ್ಲಿ ಸರಿಯಾಗುತ್ತದೆ ಎಂದು ಮಗುವನ್ನೇ ಕೇಳುವುದು ಲೇಸು.

ಚಟುವಟಿಕೆ

1. ಸೆಕೆ, ಧಗೆ, ಝಳ, ಬೇಗೆ: ಇವುಗಳಲ್ಲಿ ತಮ್ಮ ಮನೆಯಲ್ಲಿ ಬಳಕೆಯಲ್ಲಿರುವ ಪದಗಳನ್ನು ವಿದ್ಯಾರ್ಥಿಗಳು ಹಿರಿಯರಿಂದ ಕೇಳಿ ಬರೆಯಲಿ.
2. ಪ್ರತಿ ಪದಕ್ಕೂ ಹವೆಯನ್ನು ಕುರಿತು ಒಂದು, ಮೈಯನ್ನು ಕುರಿತು ಒಂದು ವಾಕ್ಯ ರಚಿಸಲಿ. ಯಾವ ಪದ ಎರಡಕ್ಕೂ ಸಲ್ಲುತ್ತದೆ?
3. ಅವೇ ವಾಕ್ಯಗಳನ್ನು ರಾಜ್ಯಭಾಷೆಯಲ್ಲಿ ಹೇಳಿ, ಎಲ್ಲಿ ಪದ ಬದಲಾಯಿತೆಂದು ಗುರುತಿಸಲಿ.