ಸೌರವಿದ್ಯುತ್ತಿನ ಬಸ್ಸಿಗೆ ಅಗ್ಗದ ಬ್ಯಾಟರಿ ಯಾವುದು?

ಧಾರವಾಡ, ಹಾವೇರಿ ಸೀಮೆಯ ರೈತರು ಹಿಂದೆ ಸುಗ್ಗಿಯಲ್ಲಿ ಬಂದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು, ಬೇಕಾದಾಗ ತೆಗೆದು ಬಳಸುತ್ತಿದ್ದರು. ಹಗೇವು ಎಷ್ಟು ಚೀಲ ಹಿಡಿಯುವುದೆಂಬುದೊಂದೇ ಅವರಿಗೆ ಮುಖ್ಯವಾಗಿರಲಿಲ್ಲ. ಅದು ಕಾಳನ್ನು ಕೆಡಿಸದೆ ಎಷ್ಟು ಸುಗ್ಗಿಗಳವರೆಗೆ ಬಾಳುವುದೆಂಬುದೂ ಅಷ್ಟೇ ಮುಖ್ಯವಾಗಿತ್ತು. ಹಗಲಿನ ಬಿಸಿಲಿನಿಂದ ಪಡೆದ ವಿದ್ಯುಚ್ಛಕ್ತಿಯನ್ನು ಇರುಳಿಗಾಗಿ ಕೂಡಿಡುವ ಬ್ಯಾಟರಿಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಆದರೆ ಬ್ಯಾಟರಿಯನ್ನು ಕೊಳ್ಳುವವರಲ್ಲಿ ಬಹುಮಂದಿ ಅದರ ಬೆಲೆಯ ಚೀಟಿಯನ್ನು ಮಾತ್ರ ನೋಡುತ್ತಾರೆ. ಆ ಚೀಟಿ ಏಕೆ ಅಪೂರ್ಣವೆಂಬುದನ್ನು ತಿಳಿಯುವುದೇ ಈ ಪಾಠದ ಉದ್ದೇಶ.

ಓಡಾಡಿ ಸವೆದ ಬಸ್ಸುಗಳನ್ನು ಗುಜರಿಗೆ ಹಾಕದೆ ಬೇರೆ ಕಾರ್ಯಗಳಿಗೆ ಮಾರ್ಪಡಿಸುವ ಪ್ರಯತ್ನ ನಮ್ಮ ನಾಡಿನಲ್ಲಿ ನಡೆದಿದೆ. 2020ರಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಹಳೆಯ ಬಸ್ಸೊಂದನ್ನು ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಸ್ತ್ರೀಯರ ಶೌಚಾಲಯವನ್ನಾಗಿ ಮಾರ್ಪಡಿಸಿತು. ಅದೇ ವರ್ಷ ಬಸ್ಸೊಂದು ಸಂಚಾರಿ ಜ್ವರ ಚಿಕಿತ್ಸಾಲಯವೂ ಆಯಿತು. ಇಂತಹ ಬಸ್ಸುಗಳಿಗೆ ಎಂಜಿನ್ ನಿಂತಿರುವಾಗಲೂ ಬೆಳಕು ಬೇಕು, ಗಾಳಿ ಬೇಕು. ಬಸ್ಸಿನ ಮಾಳಿಗೆಯ ಮೇಲೆ ಸೌರಫಲಕಗಳನ್ನು ಹಾಸುವುದು ಸುಲಭ. ಕೂಡಿಡುವುದೇ ಕಷ್ಟದ ಕೆಲಸ.

ಉದಾಹರಣೆಗಾಗಿ ಹಾವೇರಿ ಜಿಲ್ಲೆಯಲ್ಲಿ ಸಂಚರಿಸುವ ಒಂದು ಪುಸ್ತಕಾಲಯದ ಬಸ್ಸನ್ನು ಕಲ್ಪಿಸಿಕೊಳ್ಳೋಣ. ಅದು ಬೆಳಿಗ್ಗೆ ಬ್ಯಾಡಗಿ ತಾಲೂಕಿನ ಕಾಗಿನೆಲೆಯಲ್ಲಿಯೂ, ಮಧ್ಯಾಹ್ನ ಮೋಟೆಬೆನ್ನೂರಿನಲ್ಲಿಯೂ, ಸಂಜೆ ರಾಣೇಬೆನ್ನೂರಿನ ಬಳಿಯ ಒಂದು ಹಳ್ಳಿಯಲ್ಲಿಯೂ ನಿಲ್ಲುವುದೆಂದು ಭಾವಿಸೋಣ. ಊರಿನವರು ಹಣ ಕೂಡಿಸಿ ಅದನ್ನು ಸಿದ್ಧಪಡಿಸಿದ್ದಾರೆ. ಐದನೆಯ ತಿಂಗಳಲ್ಲಿ ದೀಪಗಳು ಆರಿಹೋದರೆ ಸಂಜೆ ಓದಲು ಬರುವ ಮಕ್ಕಳು ಬರುವುದನ್ನು ನಿಲ್ಲಿಸುವರು. ಒಮ್ಮೆ ಕೊಟ್ಟವರು ಎರಡನೆಯ ಬಾರಿ ಹಣ ಕೊಡುವುದು ದುರ್ಲಭ. ಆದುದರಿಂದ ಕೊಳ್ಳುವ ಮೊದಲು ಲೆಕ್ಕ ಮಾಡುವುದು ಅಗತ್ಯ.

ಬೇಡಿಕೆಯ ಲೆಕ್ಕ

ಮೊದಲು ಬಸ್ಸಿಗೆ ದಿನವೊಂದಕ್ಕೆ ಎಷ್ಟು ಶಕ್ತಿ ಬೇಕೆಂಬುದನ್ನು ಗೊತ್ತುಮಾಡಬೇಕು. 9 ವಾಟಿನ 8 ದೀಪಗಳು 5 ಗಂಟೆ ಉರಿದರೆ 360 ವಾಟ್-ಗಂಟೆ. 30 ವಾಟಿನ 3 ಪಂಖಗಳು 6 ಗಂಟೆ ತಿರುಗಿದರೆ 540. 50 ವಾಟಿನ ಗಣಕಯಂತ್ರ 4 ಗಂಟೆ ನಡೆದರೆ 200. 100 ವಾಟಿನ ಚಿತ್ರಪ್ರದರ್ಶಕ ಒಂದು ಗಂಟೆಗೆ 100. ಎಲ್ಲವನ್ನೂ ಕೂಡಿದರೆ 1,200 ವಾಟ್-ಗಂಟೆ, ಅಂದರೆ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ 1.2 ಯೂನಿಟ್. ಮೋಡ ಕವಿದ ದಿನಗಳನ್ನು ನೆನೆದು, ಈ ಪೂರ್ತಿ ಮೊತ್ತವನ್ನು ಬ್ಯಾಟರಿಯೇ ಕೊಡಬೇಕೆಂದು ಹಿಡಿಯೋಣ.

ಬ್ಯಾಟರಿಗೆ ತುಂಬಿದ್ದೆಲ್ಲ ಹಿಂದಿರುಗಿ ಬಾರದು. ಸೀಸದ ಬ್ಯಾಟರಿಯಲ್ಲಿ ಐದರಲ್ಲಿ ಒಂದು ಭಾಗದಷ್ಟು ನಷ್ಟವನ್ನು ಹಿಡಿದರೆ, ಫಲಕಗಳಿಂದ ದಿನಕ್ಕೆ 1,500 ವಾಟ್-ಗಂಟೆ ಬರಬೇಕಾಗುವುದು. ಹಾವೇರಿಯ ಸೀಮೆಯಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಶಕ್ತಿ ಬೀಳುತ್ತದೆ. ಧೂಳು, ಕಾವು, ತಂತಿ ಇವುಗಳಿಂದಾಗುವ ಕಾಲುಭಾಗದ ನಷ್ಟವನ್ನು ಕಳೆದರೆ 400 ವಾಟಿನ ಫಲಕ ಸಾಕೆಂದು ತೋರುವುದು. ಆದರೆ ಸರಾಸರಿಯನ್ನು ನಂಬಿದವನು ಆಷಾಢದಲ್ಲಿ ಕತ್ತಲಲ್ಲಿ ಕೂಡಬೇಕಾಗುತ್ತದೆ. ಮಳೆಗಾಲವನ್ನು ಗಮನದಲ್ಲಿಟ್ಟು 600 ವಾಟಿನ ಫಲಕಗಳನ್ನು ಹಾಕುವುದು ಯುಕ್ತ.

ಬಸ್ಸಿನ ವಿದ್ಯುತ್ ವ್ಯವಸ್ಥೆ ಸಾಮಾನ್ಯವಾಗಿ 24 ವೋಲ್ಟಿನದು. ಸೌರವ್ಯವಸ್ಥೆಯೂ ಅಷ್ಟೇ ವೋಲ್ಟಿನದಾಗಿದ್ದರೆ ಲಾಭವಿದೆ. ಅದೇ ಶಕ್ತಿಗೆ 12 ವೋಲ್ಟಿನಲ್ಲಿ ಹರಿಯಬೇಕಾದ ಪ್ರವಾಹದ ಅರ್ಧದಷ್ಟು ಮಾತ್ರ 24 ವೋಲ್ಟಿನಲ್ಲಿ ಹರಿಯುತ್ತದೆ. ತಂತಿಯಲ್ಲಿ ಕಾವಾಗಿ ಹೋಗುವ ಶಕ್ತಿ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ಅದೇ ತಂತಿಯಲ್ಲಿ ನಷ್ಟವು ಕಾಲುಭಾಗಕ್ಕೆ ಇಳಿಯುತ್ತದೆ.

ಸೀಸದ ಬ್ಯಾಟರಿಯ ಒಳಗೆ

1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿ ಸೀಸದ ಸಂಚಾಯಕವನ್ನು ರಚಿಸಿದನು. ಅದರ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ಧನಫಲಕದಲ್ಲಿ ಸೀಸದ ಡೈಆಕ್ಸೈಡು, ಋಣಫಲಕದಲ್ಲಿ ಸ್ಪಂಜಿನಂತಹ ಸೀಸ, ನಡುವೆ ನೀರು ಬೆರೆಸಿದ ಗಂಧಕಾಮ್ಲ. ಪ್ರವಾಹವನ್ನು ಕೊಡುವಾಗ ಎರಡು ಫಲಕಗಳೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ. ಆಮ್ಲವು ವೆಚ್ಚವಾಗಿ ನೀರು ಹೆಚ್ಚುತ್ತದೆ. ಪ್ರವಾಹವನ್ನು ತುಂಬುವಾಗ ಇದೆಲ್ಲವೂ ಹಿಮ್ಮುಖವಾಗಿ ನಡೆಯುತ್ತದೆ. ಅಂದರೆ ಬ್ಯಾಟರಿಯಲ್ಲಿ ಕೂಡಿರುವುದು ವಿದ್ಯುತ್ತಲ್ಲ, ರಾಸಾಯನಿಕ ಶಕ್ತಿ.

ಈ ಹೋಗಿಬರುವಿಕೆಯನ್ನು ಒಂದು ಆವರ್ತವೆನ್ನೋಣ. ಪ್ರತಿ ಆವರ್ತದಲ್ಲಿಯೂ ಫಲಕದ ಪದಾರ್ಥ ಹಿಗ್ಗಿ ಕುಗ್ಗುತ್ತದೆ. ಸ್ವಲ್ಪ ಭಾಗ ಸಡಿಲವಾಗಿ ಉದುರಿ ತಳ ಸೇರುತ್ತದೆ. ಬ್ಯಾಟರಿಯನ್ನು ಬಹಳ ದಿನ ಖಾಲಿಯಾಗಿಯೇ ಬಿಟ್ಟರೆ ಸಲ್ಫೇಟಿನ ಹರಳುಗಳು ದೊಡ್ಡವಾಗಿ ಗಡುಸಾಗುತ್ತವೆ. ಆಮೇಲೆ ಅವು ಕರಗಲು ಒಪ್ಪುವುದಿಲ್ಲ. ಸೀಸದ ಬ್ಯಾಟರಿಗೆ ಮುಪ್ಪು ಬರುವುದು ಬಹುಮಟ್ಟಿಗೆ ಈ ಎರಡು ಕಾರಣಗಳಿಂದ. ಎಷ್ಟು ಆಳಕ್ಕೆ ಖಾಲಿ ಮಾಡುವೆವೋ ಅಷ್ಟು ಬೇಗ ಮುಪ್ಪು.

ಓಟಗಾರನೂ ಹೊರೆಯಾಳೂ

ಬಸ್ಸಿನ ಎಂಜಿನ್ನನ್ನು ಚಾಲೂ ಮಾಡುವ ಬ್ಯಾಟರಿ ಓಟಗಾರನಂತೆ. ಕೆಲವೇ ಸೆಕೆಂಡುಗಳ ಕಾಲ ನೂರಾರು ಆಂಪೇರ್ ಪ್ರವಾಹವನ್ನು ಕೊಡುವುದು ಅದರ ಕೆಲಸ. ಇದಕ್ಕಾಗಿ ಅದರಲ್ಲಿ ತೆಳುವಾದ ಅನೇಕ ಫಲಕಗಳನ್ನಿಟ್ಟು, ಆಮ್ಲವು ಮುಟ್ಟುವ ಮೇಲ್ಮೈಯನ್ನು ಹೆಚ್ಚಿಸಿರುತ್ತಾರೆ. ಕೊಟ್ಟ ಅಲ್ಪಶಕ್ತಿಯನ್ನು ಎಂಜಿನ್ನಿನ ಉತ್ಪಾದಕ ಕೂಡಲೇ ತುಂಬಿಕೊಡುವುದರಿಂದ ಅದು ಹೆಚ್ಚು ಖಾಲಿಯಾಗುವುದೇ ಇಲ್ಲ. ಇಂತಹುದನ್ನು ದಿನವೂ ಅರ್ಧದವರೆಗೆ ಖಾಲಿ ಮಾಡಿದರೆ ತೆಳುಫಲಕಗಳು ಬೇಗನೆ ಉದುರಿ ಹೋಗುತ್ತವೆ.

ದಿನವೂ ಆಳವಾಗಿ ಖಾಲಿಯಾಗಿ ಮತ್ತೆ ತುಂಬಿಕೊಳ್ಳಬಲ್ಲ ಬ್ಯಾಟರಿಯ ರಚನೆಯೇ ಬೇರೆ. ಅದರಲ್ಲಿ ದಪ್ಪ ಫಲಕಗಳಿರುತ್ತವೆ. ನಮ್ಮ ಮನೆಗಳ ಇನ್ವರ್ಟರುಗಳಲ್ಲಿ ಪ್ರಸಿದ್ಧವಾದ 'ಟ್ಯೂಬುಲರ್' ಬ್ಯಾಟರಿಯಲ್ಲಿ ಧನಫಲಕದ ಪದಾರ್ಥವನ್ನು ನೂಲಿನ ಕೊಳವೆಗಳಲ್ಲಿ ತುಂಬಿ, ಪ್ರತಿ ಕೊಳವೆಯ ನಡುವೆ ಸೀಸದ ಕಡ್ಡಿಯನ್ನಿಟ್ಟಿರುತ್ತಾರೆ. ಪದಾರ್ಥ ಸಡಿಲವಾದರೂ ಕೊಳವೆ ಅದನ್ನು ಉದುರಗೊಡುವುದಿಲ್ಲ. ಇದು ನಿಧಾನವಾಗಿ ನಡೆದು ದೂರ ಮುಟ್ಟುವ ಹೊರೆಯಾಳು.

ಮೂರನೆಯದು ಲಿಥಿಯಮ್ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ. 1990ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ಬಳಗ ಈ ಪದಾರ್ಥದ ಗುಣವನ್ನು ಬೆಳಕಿಗೆ ತಂದಿತು. ಲಿಥಿಯಮ್ ಬ್ಯಾಟರಿಗಳ ಮೇಲಿನ ಕೆಲಸಕ್ಕಾಗಿ ಅವರಿಗೆ 2019ರಲ್ಲಿ ಇಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಇದರಲ್ಲಿ ಲಿಥಿಯಮ್ ಅಯಾನುಗಳು ಹರಳಿನ ಚೌಕಟ್ಟಿನ ಒಳಗೆ ಹೋಗುತ್ತವೆ, ಹೊರಗೆ ಬರುತ್ತವೆ. ಚೌಕಟ್ಟು ಹೆಚ್ಚಾಗಿ ಕೆಡುವುದಿಲ್ಲ. ಆದುದರಿಂದ ಸಾಮರ್ಥ್ಯದ ಐದರಲ್ಲಿ ನಾಲ್ಕು ಭಾಗವನ್ನು ದಿನವೂ ತೆಗೆದರೂ ಅದು ಸಾವಿರಾರು ಆವರ್ತಗಳವರೆಗೆ ಬಾಳಬಲ್ಲದು. ತೂಕವೂ ಕಡಿಮೆ. ಆದರೆ ಪ್ರತಿ ಕೋಶದ ವೋಲ್ಟನ್ನು ಕಾಯುವ ರಕ್ಷಣಾಮಂಡಲ ಅದಕ್ಕೆ ಅನಿವಾರ್ಯ.

ಬೆಲೆಯ ಲೆಕ್ಕ

ಈಗ ಮುಖ್ಯವಾದ ಲೆಕ್ಕಕ್ಕೆ ಬರೋಣ. ಕೆಳಗಿನ ಬೆಲೆಗಳೂ ಆವರ್ತಗಳ ಸಂಖ್ಯೆಗಳೂ ರೀತಿಯನ್ನು ತೋರಿಸಲು ಹಿಡಿದವು. ಕೊಳ್ಳುವಾಗ ಅಂಗಡಿಯ ಬೆಲೆಯನ್ನೂ ತಯಾರಕರ ಪತ್ರಿಕೆಯಲ್ಲಿನ ಸಂಖ್ಯೆಯನ್ನೂ ಇವುಗಳ ಸ್ಥಾನದಲ್ಲಿ ಇಟ್ಟುಕೊಳ್ಳಬೇಕು. ಸೂತ್ರ ಸರಳ: ಬೆಲೆಯನ್ನು, ಬ್ಯಾಟರಿ ತನ್ನ ಆಯುಷ್ಯದಲ್ಲಿ ಕೊಡುವ ಒಟ್ಟು ಯೂನಿಟ್‌ಗಳಿಂದ ಭಾಗಿಸಬೇಕು.

ಒಂದು: 12 ವೋಲ್ಟ್, 100 ಆಂಪೇರ್-ಗಂಟೆಯ ಎರಡು ಎಂಜಿನ್ ಬ್ಯಾಟರಿಗಳು. ಬೆಲೆ 16,000 ರೂಪಾಯಿ. ಎರಡರ ಒಟ್ಟು ಸಾಮರ್ಥ್ಯ 2,400 ವಾಟ್-ಗಂಟೆ. ಅರ್ಧ ತೆಗೆದರೆ ನಮಗೆ ಬೇಕಾದ 1.2 ಯೂನಿಟ್. 150 ಆವರ್ತ ಬಾಳಿದರೆ ಒಟ್ಟು 180 ಯೂನಿಟ್. ಯೂನಿಟ್ ಒಂದಕ್ಕೆ ಸುಮಾರು 89 ರೂಪಾಯಿ. ಆಯುಷ್ಯ ಐದು ತಿಂಗಳು.

ಎರಡು: ಅದೇ ಸಾಮರ್ಥ್ಯದ ಎರಡು ಟ್ಯೂಬುಲರ್ ಬ್ಯಾಟರಿಗಳು. ಬೆಲೆ 22,000 ರೂಪಾಯಿ. ಇಲ್ಲಿಯೂ ಅರ್ಧವನ್ನೇ ತೆಗೆಯೋಣ. 1,200 ಆವರ್ತಗಳಲ್ಲಿ 1,440 ಯೂನಿಟ್. ಯೂನಿಟ್ ಒಂದಕ್ಕೆ ಸುಮಾರು 15 ರೂಪಾಯಿ. ಆಯುಷ್ಯ ಮೂರು ವರ್ಷಕ್ಕೂ ಮಿಕ್ಕು.

ಮೂರು: 25.6 ವೋಲ್ಟ್, 60 ಆಂಪೇರ್-ಗಂಟೆಯ ಲಿಥಿಯಮ್ ಬ್ಯಾಟರಿ. ಬೆಲೆ 36,000 ರೂಪಾಯಿ. ಸಾಮರ್ಥ್ಯ 1,536 ವಾಟ್-ಗಂಟೆ; 1.2 ಯೂನಿಟ್ ಅದರ ಸುಮಾರು ನೂರಕ್ಕೆ 78 ಭಾಗ. 2,500 ಆವರ್ತಗಳಲ್ಲಿ 3,000 ಯೂನಿಟ್. ಯೂನಿಟ್ ಒಂದಕ್ಕೆ 12 ರೂಪಾಯಿ. ಆಯುಷ್ಯ ಸುಮಾರು ಏಳು ವರ್ಷ.

ಅಂಗಡಿಯಲ್ಲಿ ಅತ್ಯಂತ ಅಗ್ಗವಾಗಿ ಕಂಡದ್ದು ಬಳಕೆಯಲ್ಲಿ ಆರೇಳು ಪಟ್ಟು ದುಬಾರಿಯಾಯಿತು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ಬೆಲೆ ಕಟ್ಟುವವರು ತೂಕವನ್ನಷ್ಟೇ ನೋಡದೆ ಬಣ್ಣವನ್ನೂ ನೋಡುವಂತೆ, ಬ್ಯಾಟರಿಗೆ ಬೆಲೆ ಕಟ್ಟುವವರು ಸಾಮರ್ಥ್ಯದೊಡನೆ ಆಯುಷ್ಯವನ್ನೂ ನೋಡಬೇಕು.

ಹಾಗಾದರೆ ಲಿಥಿಯಮ್ಮೇ ಎಲ್ಲರಿಗೂ ಉತ್ತಮವೆ? ಆತುರ ಬೇಡ. ಬಸ್ಸು ವರ್ಷದಲ್ಲಿ ನೂರು ದಿನ ಮಾತ್ರ ಹೊರಡುವುದಾದರೆ, ಮತ್ತು ಐದು ವರ್ಷ ಮಾತ್ರ ನಡೆಯುವುದಾದರೆ, ಬ್ಯಾಟರಿ ಕೊಡುವುದು 500 ಆವರ್ತ, 600 ಯೂನಿಟ್ ಅಷ್ಟೆ. ಆಗ ಟ್ಯೂಬುಲರಿನ ಯೂನಿಟ್ ಸುಮಾರು 37 ರೂಪಾಯಿ, ಲಿಥಿಯಮ್ಮಿನದು 60 ರೂಪಾಯಿ. ಬಳಸದೆ ಉಳಿದ ಆವರ್ತಗಳಿಗೂ ನಾವು ಹಣ ಕೊಟ್ಟಂತಾಯಿತು. ದಿನವೂ ದುಡಿಯುವ ಬಸ್ಸಿಗೆ ಲಿಥಿಯಮ್, ಆಗಾಗ ಹೊರಡುವ ಬಸ್ಸಿಗೆ ಟ್ಯೂಬುಲರ್ ಎಂಬುದು ಈ ಲೆಕ್ಕದ ತಾತ್ಪರ್ಯ. ಎಂಜಿನ್ ಬ್ಯಾಟರಿ ಮಾತ್ರ ಎರಡು ಪಕ್ಷದಲ್ಲಿಯೂ ಸೋಲುತ್ತದೆ.

ಚೀಟಿಯನ್ನು ಓದುವ ಬಗೆ

ಬ್ಯಾಟರಿಯನ್ನು ಬೇಗ ಖಾಲಿ ಮಾಡಿದರೆ ಕಡಿಮೆ, ನಿಧಾನವಾಗಿ ಖಾಲಿ ಮಾಡಿದರೆ ಹೆಚ್ಚು ಶಕ್ತಿ ದೊರೆಯುತ್ತದೆ. ಜರ್ಮನಿಯ ಪಾಯ್ಕರ್ಟ್ ಎಂಬ ವಿಜ್ಞಾನಿ 1897ರಲ್ಲಿ ಇದಕ್ಕೊಂದು ನಿಯಮವನ್ನು ಕೊಟ್ಟನು. ಚೀಟಿಯ ಮೇಲೆ 'ಸಿ-10' ಎಂದಿದ್ದರೆ ಹತ್ತು ಗಂಟೆಗಳಲ್ಲಿ, 'ಸಿ-20' ಎಂದಿದ್ದರೆ ಇಪ್ಪತ್ತು ಗಂಟೆಗಳಲ್ಲಿ ಖಾಲಿ ಮಾಡಿ ಅಳೆದ ಸಾಮರ್ಥ್ಯವೆಂದು ಅರ್ಥ. ಒಂದೇ ಬ್ಯಾಟರಿಗೆ ಎರಡನೆಯ ಅಂಕಿ ದೊಡ್ಡದಾಗಿ ಬರುತ್ತದೆ. ಆದುದರಿಂದ ಎರಡು ಬ್ಯಾಟರಿಗಳನ್ನು ಹೋಲಿಸುವಾಗ ಎರಡೂ ಅಂಕಿಗಳು ಒಂದೇ ಕ್ರಮದವಾಗಿರಬೇಕು.

ಕಾವು, ಅನಿಲ, ವಿಷ

ಚೈತ್ರ ವೈಶಾಖಗಳಲ್ಲಿ ಮುಚ್ಚಿ ನಿಲ್ಲಿಸಿದ ಬಸ್ಸಿನ ಒಳಗು ಕುಲುಮೆಯಂತಾಗುತ್ತದೆ. ಸೀಸದ ಬ್ಯಾಟರಿಯ ಉಷ್ಣತೆ ಸುಮಾರು 10 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುವುದೆಂಬುದು ರೂಢಿಯ ಲೆಕ್ಕ. ಲಿಥಿಯಮ್ಮಿಗೂ ಕಾವು ಹಿತವಲ್ಲ. ಎಂಜಿನ್ನಿನಿಂದ ದೂರವಾಗಿ, ನೆರಳಿನಲ್ಲಿ, ಬಸ್ಸಿನ ನೆಲದ ಮಟ್ಟದಲ್ಲಿ ಬ್ಯಾಟರಿಯ ಪೆಟ್ಟಿಗೆಯನ್ನು ಭದ್ರವಾಗಿ ಬಿಗಿಯಬೇಕು.

ಆಮ್ಲ ತುಂಬಿದ ಸೀಸದ ಬ್ಯಾಟರಿ ತುಂಬಿಕೊಳ್ಳುವಾಗ ಜಲಜನಕವನ್ನು ಹೊರಬಿಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಭಾಗ ಸೇರಿದರೆ ಕಿಡಿಯೊಂದರಿಂದ ಹೊತ್ತಿಕೊಳ್ಳಬಲ್ಲದು. ಪೆಟ್ಟಿಗೆಯ ಮೇಲ್ಭಾಗದಿಂದ ಬಸ್ಸಿನ ಹೊರಕ್ಕೆ ಗಾಳಿಕೊಳವೆ ಇರಲೇಬೇಕು. ಬಗೆ ಯಾವುದಾದರೂ, ಬ್ಯಾಟರಿಯ ತುದಿಯ ಹತ್ತಿರವೇ ಒಂದು ಫ್ಯೂಸು ಇರಬೇಕು. ಲಿಥಿಯಮ್ ಬ್ಯಾಟರಿಯನ್ನು ಬಸ್ಸಿನ ಉತ್ಪಾದಕಕ್ಕೆ ನೇರವಾಗಿ ಜೋಡಿಸಿದರೆ ಅದು ಮಿತಿಮೀರಿದ ಪ್ರವಾಹವನ್ನು ಸೆಳೆದು ಉತ್ಪಾದಕವನ್ನು ಸುಡಬಹುದು. ನಡುವೆ ಪ್ರವಾಹವನ್ನು ಹದದಲ್ಲಿಡುವ ಸಾಧನ ಬೇಕು.

ಸತ್ತ ಬ್ಯಾಟರಿಯ ಸೀಸ ಮಕ್ಕಳ ಮೆದುಳಿಗೆ ವಿಷ. ಅದನ್ನು ಹಿತ್ತಲಲ್ಲಿ ಒಡೆದು ಕರಗಿಸುವುದು ಅಪರಾಧಕ್ಕೆ ಸಮಾನ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಹಳೆಯ ಬ್ಯಾಟರಿಗಳ ಮರುಬಳಕೆಯ ಹೊಣೆ ತಯಾರಕರದು. ಹಳೆಯದನ್ನು ಮಾರಾಟಗಾರರಿಗೆ ಒಪ್ಪಿಸಿದರೆ ಸೀಸಕ್ಕೆ ತಕ್ಕ ಬೆಲೆಯೂ ದೊರೆಯುವುದು.

ಕಾಲೇಜಿನಲ್ಲಿ ಮಾಡಬಹುದಾದ ಪರೀಕ್ಷೆ

ಹಳೆಯ ಬ್ಯಾಟರಿ ಕೊಳ್ಳಲು ಯೋಗ್ಯವೇ ಎಂಬುದನ್ನು ವಿದ್ಯಾರ್ಥಿಗಳೇ ಅಳೆಯಬಹುದು. ಗಾಳಿಯಾಡುವ ಸ್ಥಳದಲ್ಲಿ, ಉಪಾಧ್ಯಾಯರ ಸಮ್ಮುಖದಲ್ಲಿ, 12 ವೋಲ್ಟಿನ 100 ಆಂಪೇರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಕೆಲವು ಗಂಟೆ ಸುಮ್ಮನೆ ಬಿಡಿ. ವೋಲ್ಟು ಸುಮಾರು 12.7 ಇರಬೇಕು. ಬಳಿಕ 10 ಆಂಪೇರ್ ಸೆಳೆಯುವಷ್ಟು ದೀಪಗಳನ್ನು ಜೋಡಿಸಿ, ವೋಲ್ಟು 10.8ಕ್ಕೆ ಇಳಿಯುವವರೆಗೆ ಕಾಲವನ್ನು ಗುರುತಿಸಿ. ಹತ್ತು ಗಂಟೆ ನಡೆದರೆ ಬ್ಯಾಟರಿ ಹೊಸದರಂತಿದೆ. ಎಂಟು ಗಂಟೆಗಿಂತ ಕಡಿಮೆಯಾದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ. ಪರೀಕ್ಷೆ ಮುಗಿದೊಡನೆ ಮತ್ತೆ ತುಂಬಿಸುವುದನ್ನು ಮರೆಯಬಾರದು.

ಒಮ್ಮೆಲೇ ಹೆಚ್ಚು ಹಣ ಹೂಡಲಾಗದವರು ಅಗ್ಗದ್ದನ್ನೇ ಕೊಳ್ಳಬೇಕಲ್ಲವೆ ಎಂದು ಕೆಲವರು ಕೇಳಬಹುದು. 1995ರಲ್ಲಿ ಬೆಂಗಳೂರಿನಲ್ಲಿ ಹರೀಶ ಹಂದೆಯವರು ಆರಂಭಿಸಿದ ಸೆಲ್ಕೋ ಸಂಸ್ಥೆ, ಬ್ಯಾಂಕುಗಳ ಸಾಲದ ನೆರವಿನಿಂದ ಕರ್ನಾಟಕದ ಹಳ್ಳಿಯ ಮನೆಗಳಿಗೆ ಸೌರದೀಪಗಳನ್ನು ಒದಗಿಸಿದ ರೀತಿ ಇದಕ್ಕೆ ಉತ್ತರ. ಒಳ್ಳೆಯ ವಸ್ತುವಿನ ಬೆಲೆಯನ್ನು ಕಂತುಗಳಾಗಿ ಹಂಚಬಹುದು. ಕೆಟ್ಟ ವಸ್ತುವಿನ ಆಯುಷ್ಯವನ್ನು ಯಾರೂ ಹಿಗ್ಗಿಸಲಾರರು. ಬ್ಯಾಟರಿ ಕೊಳ್ಳುವ ದಿನ ಒಂದು ಕಾಗದ, ಒಂದು ಪೆನ್ಸಿಲು, ಒಂದು ಭಾಗಾಕಾರ ಇಷ್ಟೇ ಸಾಕು. ಬಸ್ಸಿನ ದೀಪ ಐದು ತಿಂಗಳು ಉರಿಯುವುದೋ ಏಳು ವರ್ಷ ಉರಿಯುವುದೋ ಎಂಬುದು ಆ ಭಾಗಾಕಾರದಲ್ಲಿಯೇ ನಿರ್ಧಾರವಾಗುತ್ತದೆ.