ಮರಳಿ ಬಂದ ಓಲೆ

ಸವದತ್ತಿ ಎಂದು ಕೆಲವರು, ಸೌದತ್ತಿ ಎಂದು ಕೆಲವರು ಬರೆಯುವರು. ಇದರಿಂದ ಅಂಚೆಯವರಿಗೆ ತೊಡಕಿಲ್ಲ. ವಿಳಾಸದ ಕೊನೆಗೆ 591126 ಎಂದಿದ್ದರೆ ಸಾಕು. ಬೈಲಹೊಂಗಲಕ್ಕೆ 591102, ಕಿತ್ತೂರಿಗೆ 591115, ರಾಮದುರ್ಗಕ್ಕೆ 591123. ಊರ ಹೆಸರುಗಳ ಗೊಂದಲವನ್ನು ಕಳೆಯಲೆಂದು ಶ್ರೀರಾಮ ಭಿಕಾಜಿ ವೇಲಣಕರರು ರೂಪಿಸಿದ ಈ ಪಿನ್ ಕೋಡ್ ಪದ್ಧತಿಯು 1972ರ ಆಗಸ್ಟ್ 15ರಂದು ಜಾರಿಗೆ ಬಂದಿತು. ವೇಲಣಕರರು ಸಂಸ್ಕೃತ ಕವಿಗಳೂ ಆಗಿದ್ದರು.

ಆದರೂ ಕೆಲವು ಪತ್ರಗಳು ಮುಟ್ಟುವುದಿಲ್ಲ. ವಿಳಾಸದಾರನು ಊರು ಬಿಟ್ಟಿರಬಹುದು. ಅಂತಹ ಪತ್ರವು ಬರೆದವನಿಗೆ ಮರಳುವುದು. ಬರೆದವನ ವಿಳಾಸವೂ ಹೊರಗೆ ಕಾಣದಿದ್ದರೆ, ಅದಕ್ಕೆಂದೇ ನೇಮಿಸಿದ ಕಚೇರಿಯಲ್ಲಿ ಲಕೋಟೆಯನ್ನು ಒಡೆದು ವಿಳಾಸವನ್ನು ಹುಡುಕುವ ಕ್ರಮವು ಬಹುಕಾಲ ನಡೆದುಬಂದಿದೆ.

ಮಿಂಚಂಚೆಯಲ್ಲಿ ಅಂಚೆ ಕಚೇರಿಯ ಕೆಲಸವನ್ನು ಸರ್ವರ್ ಎಂಬ ಗಣಕವು ಮಾಡುವುದು. ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ 1982ರಲ್ಲಿ ಬರೆದ ನಿಯಮಾವಳಿಯ ಪ್ರಕಾರ, ಪತ್ರ ತಂದ ಸರ್ವರಿಗೆ ಪಡೆಯುವ ಸರ್ವರು ಮೂರಂಕಿಯ ಉತ್ತರವನ್ನು ಕೊಡುವುದು. ಉತ್ತರವು 4ರಿಂದ ಮೊದಲಾದರೆ ತೊಂದರೆ ತಾತ್ಕಾಲಿಕ; ಕಳುಹಿಸುವ ಸರ್ವರು ಕೆಲವು ದಿನ ಮತ್ತೆ ಮತ್ತೆ ಯತ್ನಿಸುವುದು. 5ರಿಂದ ಮೊದಲಾದರೆ ಪ್ರಯತ್ನವು ಅಲ್ಲಿಗೇ ಮುಗಿಯಿತು. ಆಗ ಬರೆದವನಿಗೆ ಒಂದು ಸೂಚನಾಪತ್ರ ಹೋಗುವುದು. ಇದಕ್ಕೆ ಬೌನ್ಸ್ ಎಂದು ಹೆಸರು. ಈ ಸೂಚನೆಯ ಲಕೋಟೆಯಲ್ಲಿ ಕಳುಹಿಸಿದವರ ವಿಳಾಸವನ್ನು ಖಾಲಿ ಬಿಡುವರು. ಹಾಗೆ ಬಿಡದಿದ್ದರೆ, ಮುಟ್ಟದ ಸೂಚನೆಗೆ ಇನ್ನೊಂದು ಸೂಚನೆ, ಅದಕ್ಕೆ ಮತ್ತೊಂದು, ಹೀಗೆ ಎರಡು ಸರ್ವರುಗಳು ಹಗಲಿರುಳು ಪತ್ರ ಬರೆಯುತ್ತಲೇ ಇರುತ್ತಿದ್ದವು!

ಈ ಏರ್ಪಾಡು ಬರೆದವನ ವಿಳಾಸ ನಿಜವೆಂದು ನಂಬಿದೆ. ಆ ನಂಬಿಕೆಗೆ ಕುತ್ತು ತಂದುದು ಸ್ಪ್ಯಾಮ್, ಅಂದರೆ ಯಾರೂ ಬೇಡದೆ ರಾಶಿರಾಶಿಯಾಗಿ ಬರುವ ಪತ್ರ. 1978ರ ಮೇ 3ರಂದು ಅಮೆರಿಕದ ಗ್ಯಾರಿ ಥುವರ್ಕ್ ಎಂಬಾತನು ಗಣಕಗಳ ಮಾರಾಟಕ್ಕಾಗಿ ಸುಮಾರು 400 ಜನರಿಗೆ ಒಂದೇ ಪತ್ರವನ್ನು ಕಳುಹಿಸಿದುದೇ ಇದರ ಮೊದಲು ಎನ್ನುವರು. ಆತನಾದರೋ ತನ್ನ ಸಂಸ್ಥೆಯ ಹೆಸರನ್ನು ಮರೆಮಾಚಲಿಲ್ಲ. ಈಚಿನ ಮೋಸಗಾರರು ಹಾಗಲ್ಲ. ಪರರ ವಿಳಾಸವನ್ನು ತಮ್ಮದೆಂದು ಬರೆಯುವರು. ರಾಮದುರ್ಗದ ವಿದ್ಯಾರ್ಥಿಯೊಬ್ಬನ ವಿಳಾಸವನ್ನು ಹೀಗೆ ಕದ್ದು ಸಾವಿರಾರು ಪತ್ರ ಕಳುಹಿಸಿದರೆಂದು ಭಾವಿಸೋಣ. ಮುಟ್ಟದವೆಲ್ಲ ಏನೂ ಅರಿಯದ ಆ ಹುಡುಗನಿಗೆ ಮರಳುವುವು. ಅವನು ಕಾದಿರುವ ಪ್ರವೇಶಪತ್ರವು ಆ ರಾಶಿಯಡಿ ಹೂತುಹೋಗುವುದು.

ಆದುದರಿಂದ ಜಾಣ ಸರ್ವರು ಪತ್ರವನ್ನು ಒಳಗೆ ತೆಗೆದುಕೊಂಡು ಆಮೇಲೆ ಮರಳಿಸುವುದಿಲ್ಲ. ಬಾಗಿಲಲ್ಲಿಯೇ 'ಒಲ್ಲೆ' ಎನ್ನುವುದು. ಆಗ ಸೂಚನೆ ಕೊಡುವ ಹೊಣೆ ತಂದವನ ಮೇಲೆಯೇ ಉಳಿಯುವುದು. ನಿಜವಾದ ಸರ್ವರು ತನ್ನವನಿಗೆ ಸುದ್ದಿ ತಿಳಿಸುವುದು. ಮೋಸಗಾರನ ಯಂತ್ರವು ಸಾಮಾನ್ಯವಾಗಿ ಸುಮ್ಮನಾಗುವುದು. ಹೀಗೆ ಮಾಡದೆ ಕಂಡಕಂಡವರಿಗೆ ಪತ್ರ ಮರಳಿಸುವ ಸರ್ವರನ್ನು ಉಳಿದವರು ಕಪ್ಪುಪಟ್ಟಿಗೆ ಸೇರಿಸುವುದುಂಟು. ಆಗ ಅದರ ಸಾಚಾ ಪತ್ರಗಳೂ ಮುಟ್ಟವು. ತಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಸರ್ವರುಗಳಿಗೆ ಅಧಿಕಾರವಿದೆ ಎಂಬುದನ್ನು ಸಂಸ್ಥೆಗಳು ಈಗ ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದರಿಂದ ಕಳ್ಳ ವಿಳಾಸವನ್ನು ಗುರುತಿಸುವುದು ಸುಲಭವಾಗಿದೆ.

ಶೋಧಿಸುವ ಯಂತ್ರವೂ ತಪ್ಪುವುದುಂಟು. ಸಜ್ಜನನ ಪತ್ರವನ್ನು ಬಾಗಿಲಲ್ಲಿ ತಡೆದರೆ ಅವನಿಗೆ ಅದು ತಿಳಿಯುವುದು. ಅವನು ಇನ್ನೊಂದು ದಾರಿ ಹುಡುಕಬಹುದು. ಒಳಗೆ ತೆಗೆದುಕೊಂಡು ಸದ್ದಿಲ್ಲದೆ ಎಸೆದರೆ ಬರೆದವನು ಉತ್ತರಕ್ಕಾಗಿ ಕಾಯುತ್ತಲೇ ಇರುವನು, ಪಡೆಯಬೇಕಾದವನಿಗೆ ಪತ್ರ ಬಂದುದೇ ತಿಳಿಯದು.