ಅಟ್ಟವಿಲ್ಲದ ಮನೆಗೆ

ಮೇಡಂ, ಜಯನಗರದ 40×60 ಸೈಟಿನ ಮನೆ ಬಿಟ್ಟು ಜೆ.ಪಿ. ನಗರದ ಎರಡು ಕೋಣೆಯ ಫ್ಲಾಟಿಗೆ ಹೊರಟಿದ್ದೀರಿ. ನಿಮ್ಮನ್ನು ಕಾಡುತ್ತಿರುವುದು ಜಾಗವಲ್ಲ, ಅಟ್ಟ. ‘ಇರಲಿ, ಯಾವತ್ತಾದರೂ ಬೇಕಾಗುತ್ತೆ’ ಎಂದು ಮೇಲೇರಿಸಿದ ಕೊಳಗ, ಕೊಪ್ಪರಿಗೆ, ಮದುವೆಗಳಲ್ಲಿ ಉಡುಗೊರೆ ಬಂದ ಸ್ಟೀಲ್ ಡಬ್ಬಿಗಳು! ಈಗ ಸಮಾರಂಭಕ್ಕೆ ಅಡುಗೆಯವರೇ ಪಾತ್ರೆ ತರುತ್ತಾರೆ. ಹಿತ್ತಾಳೆ, ತಾಮ್ರವನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿ. ಅಜ್ಜಿಯ ಒಂದು ಚೆಂಬು ಉಳಿಸಿಕೊಂಡು ದಿನಾ ಅದರಲ್ಲೇ ನೀರು ಕುಡಿಯಿರಿ.

ದಸರಾ ಗೊಂಬೆಗಳ ವಿಷಯದಲ್ಲಿ ನಾನು ಅಷ್ಟು ಕಟುವಲ್ಲ. ಪಟ್ಟದ ಗೊಂಬೆಗಳ ಜೋಡಿ ನಿಮ್ಮಲ್ಲೇ ಇರಲಿ. ಒಂಬತ್ತು ಮೆಟ್ಟಿಲು ಮೂರಾದರೆ ದೇವಿ ಮುನಿಯುವುದಿಲ್ಲ. ಯಜಮಾನರ ಪುಸ್ತಕಗಳನ್ನು ಮಾತ್ರ ಅವರನ್ನು ಕೇಳದೆ ಮುಟ್ಟಬೇಡಿ. ಬೀರುವಿನ ಅಳತೆ ಇಂದೇ ತೆಗೆದುಕೊಳ್ಳಿ. ಲಿಫ್ಟಿಗೆ ಹಿಡಿಸದಿದ್ದರೆ ಜಯನಗರದಲ್ಲೇ ಮಾರಿಬಿಡಿ.